ಫುಟ್‌ಪಾತಿನಲ್ಲಿ ಪಾಪಮ್ಮನ ಹೆಸರು

ಎಡಗಾಲಿಗೆ ಪಟ್ಟಿ ಸುತ್ತಿಸಿಕೊಂಡು, ಆ ಕಾಲನ್ನು ಮಣೆಯ ಮೇಲೆ ಚಾಚಿಕೊಂಡು ಈ ವಾರದ ಅಂಕಣ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಆ ಕಷ್ಟ ಸಂಪಾದಕರದು, ನಿಮ್ಮದಲ್ಲ.

ಬಿದ್ದದ್ದು ಎಲ್ಲಿ? ಪೇಟೆ ಬೀದಿಯ ಫುಟ್‌ಪಾತಿನಲ್ಲಿ. ಹೇಗೆ? ಹಾರಿ. ನಲವತ್ತು ದಾಟಿದ ಹೆಂಗಸು, ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದು ಕೈಯಲ್ಲಿ ಸೀಮೆಎಣ್ಣೆ ಡಬ್ಬ. ಹಾಡುಹಗಲಲ್ಲಿ ಬೀದಿಯಲ್ಲಿ ಹಾರುವುದೆಂದರೆ ಏನು ಕತೆ ಅಂತ ಡಾಕ್ಟರೂ ಕೇಳಿದರು.

"ಏನಮ್ಮಾ, ಗುಂಡಿ ಇತ್ತಾ?"

"ಇಲ್ಲ ಡಾಕ್ಟ್ರೇ, ಹೆಸರಿತ್ತು."

ಅವರು ಮುಂದೆ ಕೇಳಲಿಲ್ಲ. ಹೀಗೆ ಹೆಸರು ದಾಟಲು ಹೋಗಿ ಕಾಲು ಉಳುಕಿಸಿಕೊಂಡು ಬಂದವರಲ್ಲಿ ನಾನು ಮೊದಲನೆಯವಳೇನೂ ಅಲ್ಲವಂತೆ.

ಹೆಸರು ಯಾರದು? ತೊಂಡೇಬಾವಿ ಪಾಪಮ್ಮನದು. ಪಾಪಮ್ಮ ನನಗೆ ಚೆನ್ನಾಗಿ ಗೊತ್ತಿರುವವಳು. ಬದುಕಿದ್ದಾಳೆ ಎಂದೂ ಗೊತ್ತು. ಆದರೂ ಆ ಕಲ್ಲಿನ ಮೇಲೆ ಕಾಲು ಇಳಿಯಲೊಲ್ಲದು. ನಾನೇನು ಮಾಡಲಿ?

ಮೊದಲಿಂದ ಹೇಳುತ್ತೇನೆ. ನಮ್ಮೂರು ಯಾವುದೆಂದು ಮಾತ್ರ ಕೇಳಬೇಡಿ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಬಸ್ಸು ಹಿಡಿಯಲು ಅನುಕೂಲವಾದ ಊರು ಅಂತಿಟ್ಟುಕೊಳ್ಳಿ. (ಹೆಸರು ಬರೆದರೆ ಮುನಿಸಿಪಾಲಿಟಿ ಪ್ರೆಸಿಡೆಂಟರು ನಮ್ಮನೆ ನಲ್ಲಿ ಕನೆಕ್ಷನ್ ಕೀಳಿಸುತ್ತಾರೆ. ಪ್ರೆಸಿಡೆಂಟರು ನನ್ನ ಒಡಹುಟ್ಟಿದ ಅಣ್ಣ. ಹಾಗಾಗಿ ಖಂಡಿತ ಕೀಳಿಸುತ್ತಾರೆ.)

ಅಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಹೋದ ವರ್ಷ ಅಣ್ಣ ಹಲ್ಲು ಕೀಳಿಸಲು ಬೆಂಗಳೂರಿಗೆ ಹೋದ. ಡಾಕ್ಟರ ಮನೆಯ ಬೆಂಚಿನ ಮೇಲೆ ಒಂದು ಇಂಗ್ಲಿಷ್ ಮ್ಯಾಗಜೀನು ಬಿದ್ದಿತ್ತಂತೆ. ಅದರಲ್ಲಿ ಹಾಲಿವುಡ್ಡಿನ ಬೀದಿಯ ಫೋಟೋ. ಹಲ್ಲೊಂದು ಹೋಯಿತು, ಐಡಿಯಾ ಒಂದು ಬಂತು. ಊರಿಗೆ ಬಂದವನು ಮನೆಗೂ ಹೋಗದೆ, ಊದಿದ ಕೆನ್ನೆಯಲ್ಲೇ ಸೀದಾ ನಮ್ಮನೆ ಜಗುಲಿಗೆ ಬಂದು ಕೂತ.

"ಅಮೆರಿಕದಲ್ಲಿ ಸಿನಿಮಾದವ್ರ ಹೆಸ್ರನ್ನ ಫುಟ್‌ಪಾತ್ ಒಳಗೇ ಕೂರಿಸ್ತಾರಂತೆ ಕಣೇ. ಒಬ್ಬೊಬ್ರಿಗೂ ಒಂದೊಂದು ನಕ್ಷತ್ರ. ಹಿತ್ತಾಳೆ ಅಕ್ಷರ, ಫಳಫಳಾಂತ."

"ಜನ ತುಳ್ಕೊಂಡು ಓಡಾಡ್ತಾರಾ?"

"ಓಡಾಡ್ತಾರೆ."

"ತುಳಿಸ್ಕೊಂಡೋರು ಸುಮ್ನಿರ್ತಾರಾ?"

"ಸುಮ್ನಿರೋದೇನು, ಯಾವಾಗ ತುಳಿಸ್ಕೊಳ್ತೀವೋ ಅಂತ ಕಾಯ್ತಿರ್ತಾರಂತೆ!"

ಅಲ್ಲಿಯವರು ಅಡುಗೆಮನೆಯೊಳಗೂ ಬೂಟು ಹಾಕಿಕೊಂಡು ತಿರುಗುತ್ತಾರೆ, ಅವರಿಗೆ ಕಾಲು ಕೈಗಳ ಲೆಕ್ಕವೇ ಬೇರೆ. ನಾವು ಹಾಗಾ? ಕಡಲೆಕಾಯಿ ಕಟ್ಟಿಕೊಟ್ಟ ಕಾಗದದ ಚೂರು ಕಾಲಿಗೆ ತಗುಲಿದರೂ ಬಗ್ಗಿ ಕಣ್ಣಿಗೊತ್ತಿಕೊಳ್ಳುವ ಜನ. ಅದನ್ನೇ ಹೇಳಿದೆ.

ಅಣ್ಣನ ಬಳಿ ಉತ್ತರ ರೆಡಿ ಇತ್ತು. "ದೇವಸ್ಥಾನದ ಹೊಸ್ತಿಲ ಮುಂದೆ ನೋಡಿಲ್ವೇನೇ? ಅಡ್ಡಬಿದ್ದಿರೋ ಭಕ್ತರನ್ನ ನೆಲದ ಕಲ್ಲಲ್ಲೇ ಕೆತ್ತಿರ್ತಾರೆ. ಹತ್ತು ಜನರ ಪಾದಧೂಳಿ ಮೈಮೇಲೆ ಬೀಳ್ಲಿ ಅಂತ. ನಮ್ಮನ್ನ ನೋಡಿ ಅಮೆರಿಕದವರು ಕಲ್ತಿರೋದು!"

"ಅವರು ತಾವಾಗಿ ಮಲಗಿದೋರು ಕಣಣ್ಣ. ನೀನು ಇನ್ನೊಬ್ಬರನ್ನ ಮಲಗಿಸ್ತಿದ್ದೀಯ."

ಅಣ್ಣ ಕೆನ್ನೆ ಹಿಡಿದುಕೊಂಡು ಎದ್ದು ಹೋದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಪ್ರೆಸಿಡೆಂಟರ ಐಡಿಯಾಗಳು ಅಷ್ಟು ಸುಲಭಕ್ಕೆ ಮುಗಿಯುತ್ತವೆಯೇ?

ಪೇಟೆ ಬೀದಿಯ ಚರಂಡಿಗೆ ಚಪ್ಪಡಿ ಮುಚ್ಚಿಸುವುದು ಹೇಗೂ ಬಾಕಿ ಇತ್ತು. ರೇಷ್ಮೆ ನೂಲು ಬಿಚ್ಚುವ ಮನೆಗಳಿಂದ ಗೂಡು ಬೇಯಿಸಿದ ನೀರು ಹರಿಯುವ ಚರಂಡಿ ಅದು. ಅದರ ವಾಸನೆ ಹೇಗಿರುತ್ತದೆಂದು ಶಿಡ್ಲಘಟ್ಟದ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳಿ ಊಟ ಕೆಡಿಸಲಾರೆ. ಮುಚ್ಚುವ ಚಪ್ಪಡಿಯ ಮೇಲೆಯೇ ತಾಲ್ಲೂಕಿನ ನಾಟಕದ ಕಲಾವಿದರ ಹೆಸರು ಕೆತ್ತಿಸಿದರೆ? ಚರಂಡಿಯೂ ಮುಚ್ಚಿತು, ಕಲೆಯೂ ಉದ್ಧಾರವಾಯಿತು. ಮೀಟಿಂಗಿನಲ್ಲಿ ಎಲ್ಲರೂ ಕೈಯೆತ್ತಿದರು. ಹೆಸರುಗಳೂ ಗೊತ್ತಾದವು. ಒಬ್ಬ ಹಾರ್ಮೋನಿಯಂ ವಿದ್ವಾಂಸ, ಒಬ್ಬರು ರಾಜಪಾರ್ಟಿನವರು, ಒಬ್ಬ ಹಾಸ್ಯಗಾರ, ಒಬ್ಬರು ತಬಲದವರು. ಎಲ್ಲರೂ ಕಾಲವಾದವರು.

"ಬದುಕಿರೋರೂ ಒಬ್ರು ಬೇಕಲ್ಲಪ್ಪಾ, ಹಾರ ಯಾರ ಕೊರಳಿಗೆ ಹಾಕೋದು?" ಅಂದನಂತೆ ಅಣ್ಣ. ಹೀಗೆ ಪಾಪಮ್ಮ ಆಯ್ಕೆಯಾದಳು.

ಪಾಪಮ್ಮ ತೊಂಡೇಬಾವಿಯ ಕಡೆಯವಳು. ಚಿಕ್ಕ ವಯಸ್ಸಿಗೇ ನಾಟಕದ ಕಂಪನಿ ಸೇರಿದವಳು. ಟಾಕಿ ಬಂದು ಕಂಪನಿ ನಮ್ಮೂರಲ್ಲೇ ದಿವಾಳಿಯೆದ್ದಾಗ ಪರದೆ, ಕಿರೀಟ, ಬೆಂಚುಗಳನ್ನೆಲ್ಲ ಯಾರು ಯಾರೋ ಹೊತ್ತುಕೊಂಡು ಹೋದರು. ಪಾಪಮ್ಮ ಮಾತ್ರ ಇಲ್ಲೇ ಉಳಿದುಕೊಂಡಳು. ಮದುವೆ ಇಲ್ಲ, ಮಕ್ಕಳಿಲ್ಲ. ಆಕೆಯ ಜೀವನ ನಡೆಯುತ್ತಿದ್ದುದು ಹಳ್ಳಿಗಳ ನಾಟಕದಿಂದ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಊರಿನ ಗಂಡಸರೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುತ್ತಾರೆ. ಸೊಪ್ಪು ಕೊಯ್ಯುವವರು, ಗಾಡಿ ಹೊಡೆಯುವವರು ಒಂದು ದಿನಕ್ಕೆ ಚಕ್ರವರ್ತಿಗಳಾಗುತ್ತಾರೆ. ಆದರೆ ರಾಣಿ? ಅವರ ಮನೆಯ ಹೆಂಗಸರು ರಂಗಕ್ಕೆ ಬರುವುದುಂಟೇ? ರಾಣಿಯನ್ನು ಹೊರಗಿನಿಂದಲೇ ಕರೆಸಬೇಕು. ಧನುರ್ಮಾಸದಲ್ಲಿ ಊರಿನ ಯಜಮಾನರು ಬಂದು ಎಲೆ ಅಡಿಕೆಯ ಜೊತೆ ಮುಂಗಡ ಇಟ್ಟು ಕೊಡುತ್ತಾರೆ. ಅದಕ್ಕೆ ವೀಳ್ಯ ಅನ್ನುತ್ತಾರೆ. ವೀಳ್ಯ ಹಿಡಿದರೆ ಆ ಊರಿಗೆ ಆ ವರ್ಷ ಆಕೆಯೇ ರಾಣಿ.

ಮೂವತ್ತು ವರ್ಷ ಪಾಪಮ್ಮ ಈ ಸೀಮೆಗೆಲ್ಲ ರಾಣಿಯಾಗಿದ್ದಳು. ಕನ್ನಡದಲ್ಲಿ ಆಡು ಅಂದರೆ ಕನ್ನಡ, ತೆಲುಗಿನಲ್ಲಿ ಆಡು ಅಂದರೆ ತೆಲುಗು. ಮೈಕಿಲ್ಲದೆ ಕೊನೇ ಸಾಲಿಗೆ ಕೇಳಿಸುವ ಕಂಠ. ವರ್ಷವೆಲ್ಲ ಮನೆ ಮುಂದೆ ಸಗಣಿನೀರು ಹಾಕಿಕೊಂಡು ಇರುವ ಈ ಸಣಕಲು ಹೆಂಗಸು, ಬಣ್ಣ ಹಚ್ಚಿ ಎರಡು ಹೆಜ್ಜೆ ಇಟ್ಟರೆ ಅರಮನೆಯೇ ಬಂದು ನಿಂತ ಹಾಗಾಗುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ.

ಅಂಥ ರಾಣಿಯ ಹೆಸರು ಕೆತ್ತುವ ಕೆಲಸ ಕಲ್ಲುಕುಟಿಗ ಮುನಿಶಾಮಿಗೆ ಬಿತ್ತು. ಮುನಿಶಾಮಿ ಒರಳು ಮಾಡುತ್ತಾನೆ, ದ್ರಾಕ್ಷಿತೋಟಕ್ಕೆ ಕಲ್ಲಿನ ಕಂಬ ಸೀಳಿಕೊಡುತ್ತಾನೆ. ಅಕ್ಷರದ ಕೆಲಸ ಅಂತ ಅವನು ಮಾಡಿರುವುದು ಒಂದೇ: ಸಮಾಧಿ ಕಲ್ಲು. ಗೌಡರ ಹೊಲಗಳ ಬದುವಿನಲ್ಲಿ ನಿಂತಿರುವ ಕಲ್ಲುಗಳೆಲ್ಲ ಅವನವೇ, ಅವನ ಅಪ್ಪನವೇ.

ಅಣ್ಣ ಕಾಗದದ ಮೇಲೆ ನಕ್ಷತ್ರ ಬರೆದುಕೊಟ್ಟ. ಮುನಿಶಾಮಿ ನಕ್ಷತ್ರವನ್ನೇನೋ ಕೆತ್ತಿದ. ಆದರೆ ಅದರ ಎಡಕ್ಕೆ ಸೂರ್ಯ, ಬಲಕ್ಕೆ ಚಂದ್ರ ಸೇರಿಸಿದ. ಹೆಸರಿನ ಕಲ್ಲು ಅಂದಮೇಲೆ ಸೂರ್ಯಚಂದ್ರರಿಲ್ಲದೆ ಹೇಗೆ? ಅವನ ಕೈಗೆ ಗೊತ್ತಿರುವುದೇ ಅದು. ಅಣ್ಣ ನೋಡಿ ಇನ್ನಷ್ಟು ಹಿಗ್ಗಿದ. "ಆಚಂದ್ರಾರ್ಕ! ಅಮೆರಿಕದವರಿಗೆ ಇದು ಹೊಳೀಲಿಲ್ಲ ನೋಡು!"

ಪಾಪಮ್ಮನ ಹೆಸರಿನ ಕೆಳಗೆ ಒಂದು ಪಟ್ಟಿಯಷ್ಟು ಜಾಗ ನುಣ್ಣಗೆ ತಿಕ್ಕಿ ಖಾಲಿ ಬಿಟ್ಟಿತ್ತು. ಇದೇನು ಮುನಿಶಾಮಿ ಅಂತ ಕೇಳಿದೆ.

"ಅದು ಆಮೇಲಕ್ಕಮ್ಮ," ಅಂದ.

ಅವನಿಗೆ ಅದು ಮಾಮೂಲಿನ ಮಾತು. ಸತ್ತ ತಾರೀಖು ಕೆತ್ತುವ ಜಾಗ ಅದು. ಅಣ್ಣನಿಗೆ ಹೇಳಿದೆ. "ಡಿಸೈನು ಕಣೇ," ಅಂದ.

ಸಮಾರಂಭದ ದಿನ ಶಾಮಿಯಾನ, ಮೈಕು, ನಾದಸ್ವರ ಎಲ್ಲ ಇದ್ದವು. ಬೆಂಗಳೂರಿನ ಒಬ್ಬ ಗಣ್ಯರು ಬಂದು ಟೇಪು ಕತ್ತರಿಸಿದರು. (ಭಾಷಣದಲ್ಲಿ ಪಾಪಮ್ಮನನ್ನು ಎರಡು ಸಲ ಪದ್ಮಮ್ಮ ಅಂದರು. ಇರಲಿ.) ಪಾಪಮ್ಮ ಎಂದೋ ಯಾವುದೋ ಊರಿನವರು ಉಡಿಸಿದ್ದ ರೇಷ್ಮೆ ಸೀರೆ ಉಟ್ಟು, ಕೊರಳ ತುಂಬ ಹಾರ ಹಾಕಿಸಿಕೊಂಡು ನಿಂತಿದ್ದಳು. ಆಕೆಗೆ ಓದು ಅಷ್ಟಕ್ಕಷ್ಟೆ. ಪಾರ್ಟುಗಳನ್ನೆಲ್ಲ ಕಿವಿಯಿಂದಲೇ ಕಲಿತವಳು. ತನ್ನ ಹೆಸರನ್ನು ಮಾತ್ರ ಕೂಡಿಸಿ ಕೂಡಿಸಿ ಓದಬಲ್ಲಳು. ಕಲ್ಲನ್ನೇ ದಿಟ್ಟಿಸಿ ನೋಡಿ, ಪಕ್ಕದಲ್ಲಿದ್ದ ನನ್ನ ಸೆರಗು ಜಗ್ಗಿದಳು.

"ಅಮ್ಮಣ್ಣೀ, ನನ್ ಹೆಸ್ರಿನ ಮುಂದೆ ಅದೇನೋ ಬರ್ದವ್ರಲ್ಲ, ಏನದು?"

"ಶ್ರೀಮತಿ ಅಂತ."

"ನಂಗಾ?"

ಊರೆಲ್ಲ ಆಕೆಯನ್ನು ಕರೆಯುವುದು 'ಏ ಪಾಪಮ್ಮ' ಅಂತ. ರಾಣಿಯಾಗಿದ್ದಾಗಲೂ ಪರದೆಯ ಆಚೆ ಅಷ್ಟೇ ಮರ್ಯಾದೆ. ಆ ದಿನ ಆಕೆ ಅತ್ತದ್ದು ನಾಟಕದ ಅಳುವಲ್ಲ. ಮೂಗೊರೆಸಿಕೊಳ್ಳುವುದನ್ನೂ ಮರೆತು ಅತ್ತಳು. ನನಗೂ ಕಣ್ಣು ತುಂಬಿತು. ಇಷ್ಟು ದಿನ ಅಣ್ಣನನ್ನು ಆಡಿಕೊಂಡದ್ದೇ ತಪ್ಪೇನೋ ಅನ್ನಿಸಿತು.

ಅನ್ನಿಸಿದ್ದು ಆ ಒಂದು ದಿನ ಮಾತ್ರ.

ಮಾರನೆಯ ದಿನದಿಂದ ಪೇಟೆ ಬೀದಿಯ ನಡಿಗೆಯೇ ಬದಲಾಯಿತು. ಯಾರೂ ಆ ಚಪ್ಪಡಿಗಳನ್ನು ತುಳಿಯುವುದಿಲ್ಲ. ವಯಸ್ಸಿನವರು ಹಾರುತ್ತಾರೆ, ವಯಸ್ಸಾದವರು ರಸ್ತೆಗೆ ಇಳಿದು ಸುತ್ತಿ ಬರುತ್ತಾರೆ. ಸೊಪ್ಪಿನ ಹೊರೆ ಹೊತ್ತ ಹೆಂಗಸರು ಅಲ್ಲಿಗೆ ಬಂದ ಕೂಡಲೇ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ. ಯಾರೋ ಒಬ್ಬಳು ಸೂರ್ಯಚಂದ್ರರನ್ನು ನೋಡಿ ಅರಿಶಿನ ಕುಂಕುಮ ಇಟ್ಟಳು. ಒಬ್ಬಳು ಇಟ್ಟರೆ ಇನ್ನೊಬ್ಬಳು ಬಿಡುತ್ತಾಳೆಯೇ? ಅಮಾವಾಸ್ಯೆಗೆ ತೆಂಗಿನಕಾಯಿಯೂ ಒಡೆಯಿತು. ಕಣಗಿಲೆ ಹೂವು, ಊದುಬತ್ತಿ. ಬಸ್‌ಸ್ಟ್ಯಾಂಡು ಅಲ್ಲಿಂದ ನಾಲ್ಕು ಹೆಜ್ಜೆ. ಹಳ್ಳಿಗಳಿಂದ ಬಂದು ಬಸ್ಸಿಳಿದವರಿಗೆ ಮೊದಲು ಕಾಣುವುದು ಇದೇ.

ಧನುರ್ಮಾಸ ಬಂತು. ಪಾಪಮ್ಮ ಪ್ರತಿ ವರ್ಷದಂತೆ ಜಗುಲಿ ಸಾರಿಸಿ, ಚಾಪೆ ಹಾಸಿ, ತಟ್ಟೆ ತೊಳೆದಿಟ್ಟುಕೊಂಡು ಕೂತಳು. ಯಾರೂ ಬರಲಿಲ್ಲ. ಟೂರಿಂಗ್ ಟಾಕೀಸಿನ ಹಾವಳಿ ಅಂದುಕೊಂಡಳು. ಸಂಕ್ರಾಂತಿ ಕಳೆಯಿತು. ಆಗಲೂ ಯಾರೂ ಬರಲಿಲ್ಲ.

ಬಂದವರು ಒಬ್ಬರೇ, ಚಿಂತಾಮಣಿಯ ಹಾರ್ಮೋನಿಯಂ ಮೇಷ್ಟ್ರು. ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುವವರು, ಪಾತ್ರಧಾರಿಗಳನ್ನು ಗೊತ್ತುಮಾಡಿ ಕೊಡುವವರು ಅವರು. ಕೈಯಲ್ಲಿ ಒಂದು ಸೇವಂತಿಗೆ ಹಾರ. ಕಣ್ಣು ಕೆಂಪು. ಮನೆಯ ಮುಂದೆ ಕಸ ಗುಡಿಸುತ್ತಿದ್ದ ಪಾಪಮ್ಮನನ್ನು ನೋಡಿ ಹಾರವನ್ನು ಅಲ್ಲೇ ಬಿಟ್ಟರು.

"ಅಯ್ಯೋ ದೇವುಡಾ! ಬದ್ಕಿದ್ದೀಯೇನಮ್ಮಾ?"

"ಯಾಕ್ ಮೇಷ್ಟ್ರೇ, ಸಾಯ್ಬೇಕಾಗಿತ್ತಾ?"

ಆಗ ಎಲ್ಲ ಹೊರಬಿತ್ತು. ಆ ಸಾಲಿನಲ್ಲಿರುವ ಮಿಕ್ಕವರೆಲ್ಲ ಸತ್ತವರು. ಸೂರ್ಯಚಂದ್ರರ ಕಲ್ಲು, ಅರಿಶಿನ, ಕುಂಕುಮ, ಹೂವು. ಬಸ್ಸಿಳಿದ ಯಜಮಾನರುಗಳು ಅಲ್ಲೇ ನಿಂತು ಕೈಮುಗಿದು, ಪಾಪಮ್ಮ ಹೋಗಿಬಿಟ್ಟಳಲ್ಲ ಅಂತ ಮರುಗಿ, ಅದೇ ಬಸ್ಸಿಗೆ ಚಿಂತಾಮಣಿಗೆ ಹೋಗಿ ಬೇರೆಯವರಿಗೆ ವೀಳ್ಯ ಕೊಟ್ಟು ಬಂದಿದ್ದರು. ಒಬ್ಬರಲ್ಲ, ಎಲ್ಲರೂ. ಮೇಷ್ಟ್ರೇ ಜಂಗಮಕೋಟೆ ಕಡೆಯ ಒಂದು ಹಳ್ಳಿಗೆ ಚಿಂತಾಮಣಿಯ ಒಂದು ಹುಡುಗಿಯನ್ನು ಗೊತ್ತುಮಾಡಿದ್ದರು. ಆ ಹಳ್ಳಿಯಲ್ಲಿ ಪಾಪಮ್ಮ ತಪ್ಪಿದ ವರ್ಷವೇ ಇರಲಿಲ್ಲ.

ನೀವು ನಗುತ್ತೀರೇನೋ. ನಾನೂ ಮೊದಲು ನಕ್ಕೆ. ಆಮೇಲೆ ಪಾಪಮ್ಮ ನಮ್ಮನೆ ಹಿತ್ತಲಿಗೆ ಬಂದು ನಿಂತದ್ದನ್ನು ನೋಡಿ ನಗು ಇಂಗಿಹೋಯಿತು.

"ಅಮ್ಮಣ್ಣೀ, ನಿಮ್ಮಣ್ಣಾವ್ರಿಗೆ ಒಂದ್ ಮಾತು ಹೇಳಿ. ಆ ಕಲ್ಲು ತೆಗ್ಸಿಬಿಡ್ಲಿ. ಶ್ರೀಮತಿ ಬ್ಯಾಡ, ಏನೂ ಬ್ಯಾಡ. ಇನ್ನೊಂದ್ ವರ್ಷ ಹಿಂಗೇ ಆದ್ರೆ ನನ್ ಕೈಲಿ ಆಡಾಕಾಗಲ್ಲ. ಒಂದ್ಸಲ ಬಿಟ್ರೆ ಗಂಟ್ಲು ಹೋಯ್ತದೆ, ಆಮ್ಯಾಕೆ ಯಾರೂ ಕರ್ಯಾಕಿಲ್ಲ."

ಐವತ್ತು ದಾಟಿದ ಹೆಂಗಸಿಗೆ ಒಂದು ಸುಗ್ಗಿ ತಪ್ಪುವುದೆಂದರೆ ಏನೆಂದು ಆಕೆಗೆ ಗೊತ್ತಿತ್ತು. ನಾನು ಎದ್ದು ಅಣ್ಣನ ಮನೆಗೆ ಹೋದೆ.

"ಕಿತ್ತಾಕೋದಾ? ಅಷ್ಟು ದೊಡ್ಡೋರು ಬಂದು ಓಪನ್ ಮಾಡಿದ್ದನ್ನಾ?" ಅಣ್ಣ ನಿಜವಾಗಿಯೂ ನೊಂದುಕೊಂಡ. "ಕಿತ್ರೆ ಜನ ಏನಂತಾರೆ? ಪಾಪಮ್ಮ ಏನೋ ತಪ್ಪು ಮಾಡಿದ್ಳು, ಅದಕ್ಕೇ ಕಿತ್ರು ಅಂತಾರೆ. ಅವಳ ಮಾನ ಉಳಿಸೋಕೇ ನಾನು ಬೇಡ ಅಂತಿರೋದು."

"ಮಾನ ಉಣ್ಣೋಕಾಗುತ್ತೇನಣ್ಣ?"

"ನೀನು ಬರಿಯೋಳು. ನಿಂಗೆ ಮಾತು ಜಾಸ್ತಿ."

ಮುನಿಶಾಮಿಯನ್ನಾದರೂ ಒಪ್ಪಿಸೋಣವೆಂದು ಹೋದೆ. ಅವನು ಉಳಿ ಕೆಳಗಿಟ್ಟು ಕೈಮುಗಿದ. ಹೆಸರಿನ ಕಲ್ಲನ್ನು ಕೂರಿಸಿದ ಮೇಲೆ ಕೀಳಬಾರದಂತೆ, ಕಿತ್ತವನ ವಂಶಕ್ಕೆ ಕೇಡಂತೆ. ಮಗುಚಿ ಹಾಕು ಅಂದೆ. ಬದುಕಿರುವವರ ಹೆಸರನ್ನು ಬೋರಲು ಹಾಕುವುದೇ? ಅದಕ್ಕಿಂತ ಮಾಟ ಮಾಡಿಸುವುದು ವಾಸಿಯಂತೆ.

ಕೊನೆಗೆ ಪಾಪಮ್ಮನೇ ಅಂದಳು, "ಹೋಗಿ ಮುಖ ತೋರುಸ್ತೀನಿ ಬಿಡಿ. ನೋಡಿದ್ ಮ್ಯಾಲೆ ಸತ್ತವ್ಳೆ ಅಂತಾರಾ?"

ಸರಿಯಾದ ಮಾತು ಅನ್ನಿಸಿತು. ಭಾನುವಾರ ಮಧ್ಯಾಹ್ನ ಇಬ್ಬರೂ ಜಂಗಮಕೋಟೆಯ ಬಸ್ಸು ಹಿಡಿದು, ಇಳಿದು, ಹಿಪ್ಪುನೇರಳೆ ತೋಟಗಳ ನಡುವೆ ನಡೆದು ಆ ಹಳ್ಳಿಗೆ ಹೋದೆವು. ಚಾವಡಿಯಲ್ಲಿ ನಾಟಕದ ತಾಲೀಮು ನಡೆದಿತ್ತು. ಹಾರ್ಮೋನಿಯಂ ಮುಂದೆ ಅದೇ ಮೇಷ್ಟ್ರು. ರಾಜನ ಪಾರ್ಟು ಊರಿನ ಯಜಮಾನ ನಂಜಪ್ಪನದು. ಎಷ್ಟೋ ವರ್ಷ ಪಾಪಮ್ಮನ ಎದುರಿಗೆ ರಾಜನಾಗಿ ನಿಂತವನು. ರಾಣಿಯ ಜಾಗದಲ್ಲಿ ಆ ಚಿಂತಾಮಣಿಯ ಹುಡುಗಿ, ಇನ್ನೂ ಚಿಕ್ಕವಳು, ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತಿದ್ದಳು.

ಪಾಪಮ್ಮ ಚಾವಡಿಯ ಮೆಟ್ಟಿಲು ಹತ್ತಿದಳು. ಮುದುಕರೊಬ್ಬರು "ಶಿವಶಿವಾ" ಅಂದರು.

"ನಾನೇ ಕಣ್ರಪ್ಪಾ. ಸತ್ತಿಲ್ಲ. ಮುಟ್ಟಿ ನೋಡಿ," ಅಂತ ಪಾಪಮ್ಮ ಕೈ ಚಾಚಿದಳು. ನಗುತ್ತಲೇ ಚಾಚಿದಳು.

ಯಾರೂ ಮುಟ್ಟಲಿಲ್ಲ. ಆದರೆ ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ಚಾಪೆ ಹಾಸಿದರು. ನೀರು ಬೆಲ್ಲ ಕೊಟ್ಟರು. ಆ ಹುಡುಗಿ ಓಡಿಬಂದು ಕಾಲಿಗೆ ಬಿದ್ದಳು. ನಂಜಪ್ಪ ತಾಲೀಮು ಮುಂದುವರಿಸಲು ಹೇಳಿದ, ಏನಾದರೂ ಶಬ್ದವಾಗುತ್ತಿರಲಿ ಅನ್ನುವ ಹಾಗೆ. ಹುಡುಗಿ ಶುರು ಮಾಡಿದಳು. ಮಾತು ಮರೆತಳು. ಮತ್ತೆ ಶುರು ಮಾಡಿ ಅಲ್ಲೇ ಮತ್ತೆ ನಿಂತಳು. ರಾಜ ರಾಣಿಯನ್ನು ಕಾಡಿಗೆ ಅಟ್ಟುವಾಗ ರಾಣಿ ಆಡುವ ಮಾತು ಅದು.

ಚಾಪೆಯ ಮೇಲೆ ಕೂತಲ್ಲಿಂದಲೇ ಪಾಪಮ್ಮ ಆ ಮಾತು ಎತ್ತಿಕೊಟ್ಟಳು. ಎತ್ತಿಕೊಡಲು ಶುರು ಮಾಡಿದವಳು ನಿಲ್ಲಿಸಲಾಗದೆ ಪೂರ್ತಿ ಹೇಳಿದಳು. ಜೋರಾಗಿಯೂ ಹೇಳಲಿಲ್ಲ. ಬೆಲ್ಲದ ಚೂರು ಇನ್ನೂ ಅಂಗೈಯಲ್ಲೇ ಇತ್ತು. ಚಾವಡಿಯ ಹೊರಗೆ ಕಟ್ಟೆಯ ಮೇಲೆ ಹರಟುತ್ತಿದ್ದವರು ಸುಮ್ಮನಾದರು. ಮೇಷ್ಟ್ರ ಬೆರಳು ಹಾರ್ಮೋನಿಯಂ ಮೇಲೆ ಹಾಗೇ ನಿಂತಿತು. ನಂಜಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

ಇನ್ನೇನು, ಗೆದ್ದೆವು ಅಂದುಕೊಂಡೆ.

ನಂಜಪ್ಪ ಕಣ್ಣೊರೆಸಿಕೊಂಡು, ಇಲ್ಲ ಅಂದ.

"ನಿನ್ನಂಗೆ ಆಡೋರು ಹುಟ್ಟಿಲ್ಲ ಪಾಪಮ್ಮ. ಆದ್ರೆ ನೀನೇ ಯೋಚ್ನೆ ಮಾಡು. ಗೆಜ್ಜೆಪೂಜೆ ಮಾಡಿ, ದೇವ್ರನ್ನ ಇಟ್ಟು ಆಡೋ ಆಟ ಇದು. ಊರ ತುಂಬಾ ಹುಳ ಸಾಕವ್ರೆ. ನಾಳೆ ಹುಳಕ್ಕೆ ರೋಗ ಬಂತು ಅಂತಿಟ್ಕೋ. ಹೆಸ್ರಿನ ಕಲ್ಲು ಬಿದ್ದೋರ್ನ ಕರ್ಕೊಂಬಂದು ಕುಣಿಸ್ದ, ಅದಕ್ಕೇ ಹಿಂಗಾಯ್ತು ಅಂತ ನನ್ ತಲೇಗೆ ಬರಲ್ವಾ?"

"ನಾನ್ ಬದ್ಕಿದೀನಲ್ಲಪ್ಪಾ!"

"ಬದ್ಕಿದೀಯ, ನೂರು ವರ್ಷ ಬಾಳು. ನಾಟ್ಕದ ದಿನ ಗಾಡಿ ಕಳುಸ್ತೀನಿ. ಮುಂದ್ಗಡೆ ಚೇರು ಹಾಕಿಸಿ ಕೂರುಸ್ತೀನಿ. ಮೊದಲ್ನೇ ಹಾರ ನಿಂಗೇ."

ಪಾಪಮ್ಮ ಎದ್ದು ಅವನ ಮುಂದೆ ನಿಂತಳು. "ಹಾರ ಬ್ಯಾಡ ನಂಜಪ್ಪ. ಪಾರ್ಟು ಕೊಡು. ರಾಣಿ ಪಾರ್ಟು ಈ ಮಗೀನೇ ಮಾಡ್ಲಿ. ನಂಗೆ ದಾಸಿ ಪಾರ್ಟು ಕೊಡು, ಚಾಮರ ಬೀಸ್ಕೊಂಡು ನಿಂತ್ಕೋತೀನಿ."

"ಛೆ ಛೆ, ಎಂಥಾ ಮಾತಮ್ಮ! ಕಲ್ಲಲ್ಲಿ ಹೆಸ್ರು ಇರೋ ದೊಡ್ಡೋಳಿಗೆ ದಾಸಿ ಪಾರ್ಟು ಕೊಟ್ರೆ ಜನ ನನ್ ಮುಖಕ್ಕೆ ಉಗೀತಾರೆ."

ನೋಡಿದಿರಾ? ರಾಣಿಯಾಗಲು ಆಕೆ ಸತ್ತವಳು. ದಾಸಿಯಾಗಲು ಆಕೆ ದೊಡ್ಡವಳು. ಬದುಕಿರುವ ಹೆಂಗಸಿಗೆ ಮಾಡಲು ಉಳಿದಿರುವ ಪಾರ್ಟಾದರೂ ಯಾವುದು? ನನಗೆ ಮೈಯೆಲ್ಲ ಉರಿಯಿತು. ಏನೇನೋ ಕೂಗಾಡಿದೆ. ಮೂಢನಂಬಿಕೆ ಅಂದೆ, ಅನ್ಯಾಯ ಅಂದೆ. ಅವರೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ಒಬ್ಬರೂ ಎದುರಾಡಲಿಲ್ಲ. ಎದುರಾಡಿದ್ದರೆ ಜಗಳವಾದರೂ ಆಡಬಹುದಿತ್ತು. ತಲೆ ತಗ್ಗಿಸಿಕೊಂಡಿರುವವರ ಜೊತೆ ಯಾರು ಗೆಲ್ಲುತ್ತಾರೆ? ಕೊನೆಗೆ ಪಾಪಮ್ಮನೇ ನನ್ನ ಕೈಹಿಡಿದು ಹೊರಗೆ ಕರೆತಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಯೋಚಿಸುತ್ತಿದ್ದೆ. ಇದು ಹಳ್ಳಿಯವರ ತಪ್ಪೇ? ಮುನಿಶಾಮಿಯ ತಪ್ಪೇ? ಅಣ್ಣನದೇ? ನಮ್ಮ ಮನೆಗಳಲ್ಲಿ ನಡೆಯುವುದಾದರೂ ಮತ್ತೇನು? "ನೀವು ದೊಡ್ಡೋರು, ಸುಮ್ನೆ ಕೂತ್ಕೊಳಿ ಅತ್ತೆ" ಅನ್ನುತ್ತೇವೆ. ಎಷ್ಟು ಗೌರವ! ಅತ್ತೆ ಕೂರುತ್ತಾರೆ. ಎದ್ದು ನೋಡುವಷ್ಟರಲ್ಲಿ ಅಡುಗೆಮನೆ ಕೈಬಿಟ್ಟು ಹೋಗಿರುತ್ತದೆ. ಆಮೇಲೆ ಹುಳಿಗೆ ಉಪ್ಪು ಸಾಲದು ಅಂತ ಹೇಳುವ ಹಕ್ಕೂ ಇಲ್ಲ. ರಿಟೈರಾಗುವ ಮೇಷ್ಟ್ರಿಗೆ ಶಾಲು ಹೊದಿಸುತ್ತೇವೆ, ಮಾರನೆಯ ದಿನ ಸ್ಕೂಲಿನ ಗೇಟಿನಲ್ಲಿ ಜವಾನ ಯಾರು ಬೇಕು ಅಂತ ಕೇಳುತ್ತಾನೆ. ನಮಗೆ ಮನುಷ್ಯರನ್ನು ಗೌರವಿಸುವುದು ಗೊತ್ತು. ಗೌರವಿಸಿದ ಮೇಲೆ ಅವರನ್ನು ಏನು ಮಾಡಬೇಕೆಂಬುದು ಮಾತ್ರ ಗೊತ್ತಿಲ್ಲ.

ಅಣ್ಣನಿಗೆ ನಡೆದದ್ದೆಲ್ಲ ಹೇಳಿದೆ. ಅವನು ಪಾಪಮ್ಮನ ಮನೆಗೆ ಒಂದು ಮೂಟೆ ರಾಗಿ ಕಳಿಸಿದ. ಪಾಪಮ್ಮ ಇಟ್ಟುಕೊಂಡಳು. ಇಟ್ಟುಕೊಳ್ಳದೆ ಏನು ಮಾಡುತ್ತಾಳೆ? ಕಲ್ಲು ಮಾತ್ರ ಇದ್ದಲ್ಲೇ ಇದೆ. ಅಣ್ಣ ಈಗ ಎರಡನೆಯ ಸಾಲಿಗೆ ಹೆಸರು ಹುಡುಕುತ್ತಿದ್ದಾನೆ. ಸುದ್ದಿ ತಿಳಿದಾಗಿನಿಂದ ನಮ್ಮೂರ ಸಂಗೀತದ ಮೇಷ್ಟ್ರು ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದಾರೆ.

ಹತ್ತು ದಿನದ ಕೆಳಗೆ ಬೆಳಿಗ್ಗೆ ಪಾಪಮ್ಮ ಹೇಳಿಹೋಗಲು ಬಂದಳು. ಕಂಕುಳಲ್ಲಿ ಒಂದು ಗಂಟು. ತೆಲುಗು ಸೀಮೆಯಲ್ಲಿ ಒಂದು ಟೆಂಟು ನಾಟಕದ ಕಂಪನಿ ಇದೆಯಂತೆ. ಹಾರ್ಮೋನಿಯಂ ಮೇಷ್ಟ್ರು ಹೇಳಿ ಗೊತ್ತುಮಾಡಿದ್ದಾರೆ. ಆದರೆ ಪಾಪಮ್ಮ ಅಂತ ಹೇಳಿಲ್ಲ. ಬೇರೆ ಯಾವುದೋ ಹೆಸರು ಹೇಳಿದ್ದಾರೆ. ಹೆಸರು ಹೇಳಿದರೆ ಕಲ್ಲಿನ ಸುದ್ದಿ ಅಲ್ಲಿಗೂ ಬರುವುದಿಲ್ಲವೇ?

"ಏನು ಪಾರ್ಟು?" ಕೇಳಿದೆ.

"ಹೊಸಬ್ಳಿಗೆ ಏನ್ ಕೊಡ್ತಾರೆ ಅಮ್ಮಣ್ಣಿ? ದಾಸಿ ಪಾರ್ಟು. ಹಗಲೊತ್ತು ಕಂಪ್ನಿಯೋರಿಗೆಲ್ಲ ಅಡಿಗೆ."

ಮೂವತ್ತು ವರ್ಷ ರಾಣಿಯಾಗಿದ್ದವಳು ಐವತ್ತು ದಾಟಿದ ಮೇಲೆ ಹೊಸಬಳಾಗಿ ಹೊರಟಿದ್ದಳು. ನಾನು ಅತ್ತುಬಿಟ್ಟೆ. ಆಕೆ ಅಳಲಿಲ್ಲ. ಅಂದು ಕಲ್ಲಿನ ಮುಂದೆ ಅತ್ತಿದ್ದೇ ಕೊನೆಯಿರಬೇಕು.

"ಇಷ್ಟು ವರ್ಷ ಕಷ್ಟಪಟ್ಟು ಸಂಪಾದಿಸಿದ ಹೆಸರಲ್ವೇನೇ ಪಾಪಮ್ಮ?"

"ಹೆಸ್ರು ಇಲ್ಲೇ ಇರ್ಲಿ ಬಿಡಿ ಅಮ್ಮಣ್ಣಿ. ಹೊಟ್ಟೆ ನನ್ ಜೊತೇಲೇ ಬರ್ತದಲ್ಲ."

ಬಸ್ಸು ಹತ್ತಿಸಿ ಬಂದೆ. ಎಳೆಯ ಕಂಠಗಳ ನಡುವೆ ಆ ವಯಸ್ಸಿನ ಕಂಠಕ್ಕೆ ಮುಂದೆ ಏನಾದರೂ ದೊರೆಯುತ್ತದೆಂಬ ಆಸೆ ನನಗಿಲ್ಲ. ಸುಳ್ಳು ಸಮಾಧಾನ ಬರೆಯುವ ಅಭ್ಯಾಸವೂ ನನಗಿಲ್ಲ. ಅಲ್ಲಿಯೂ ಇನ್ನೆಷ್ಟು ದಿನ ಆಡಿಸುತ್ತಾರೆ? ಆಮೇಲೆ ಉಳಿಯುವುದು ಅಡಿಗೆ. ಅಡಿಗೆಗೂ ಕೈ ಸೋತ ಮೇಲೆ? ಬರೆಯಲಾರೆ.

ಊರ ಹೆಸರಾಗಲಿ, ಕಂಪನಿಯ ಹೆಸರಾಗಲಿ, ಆಕೆ ಇಟ್ಟುಕೊಂಡಿರುವ ಹೊಸ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಆ ಕಡೆ ಹೋಗಿಬರುವ ಓದುಗರಲ್ಲಿ ಒಂದೇ ಬೇಡಿಕೆ. ಯಾವುದಾದರೂ ಟೆಂಟಿನಲ್ಲಿ, ಎಳೆಯ ರಾಣಿಯ ಹಿಂದೆ ನಿಂತ ವಯಸ್ಸಾದ ದಾಸಿಯೊಬ್ಬಳು ಬಾಯಿ ತೆರೆದು ಒಂದೇ ಒಂದು ಮಾತಾಡಿದಾಗ ಇಡೀ ಟೆಂಟು ಸದ್ದಡಗಿ ಕೂತರೆ, ನೀವೂ ಸುಮ್ಮನೆ ಕೂತಿರಿ.

ದಯವಿಟ್ಟು ಆಕೆ ಯಾರು ಅಂತ ಮಾತ್ರ ಕೇಳಬೇಡಿ.